ಮೊದಲ ಡಿಎಸ್‌ಎಲ್‌ಆರ್, ಅದರ ಲೆನ್ಸು, ಮತ್ತೆ ನಮ್ಮ ದುರ್ಗದ ಧೂಳು

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಈಚೆಗೆ ಕ್ಯಾಮೆರಾ ತಗೊಂಡಳು. ಕ್ಯಾನನ್ 1500ಡಿ, ಜೊತೆಗೆ 18-55 ಎಂಎಂ ಜೂಮ್ ಲೆನ್ಸ್. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಕೈಗೆ ಬಂದ ಸಂಜೆಯೇ ಫೋನ್ ಮಾಡಿ, "ಅತ್ತೆ, ಇದಕ್ಕೆ ಇನ್ನೂ ಏನೇನು ತಗೋಬೇಕು?" ಅಂತ ಕೇಳಿದಳು. ಆನ್‌ಲೈನಲ್ಲಿ ನೋಡಿಟ್ಟಿದ್ದ ಸಾಮಾನೆಲ್ಲ ಒಂದೊಂದಾಗಿ ಓದಿದಳು. ವೈಡ್ ಕನ್ವರ್ಟರ್, ಬಣ್ಣ ಬಣ್ಣದ ಫಿಲ್ಟರ್ ಸೆಟ್, ಸಣ್ಣ ಟ್ರೈಪಾಡ್, ರಿಂಗ್ ಲೈಟು, 50 ಎಂಎಂ ಲೆನ್ಸು, ಹಕ್ಕಿಗೆ ಅಂತ ಒಂದು ಜೂಮು.

"ಪುಟ್ಟಿ, ಸದ್ಯಕ್ಕೆ ಬ್ಲೋವರ್, ಲೆನ್ಸ್ ಹುಡ್, ಇನ್ನೊಂದು ಬ್ಯಾಟರಿ, ಒಂದು ಒಳ್ಳೆ ಕಾರ್ಡು. ಇಷ್ಟು ಸಾಕು. ಲೆನ್ಸ್ ಮಾತು ಆಮೇಲೆ" ಅಂದೆ.

ಅವಳಿಗೆ ಸಮಾಧಾನ ಆಗಲಿಲ್ಲ. ನಾನು ಚಿತ್ರದುರ್ಗದಲ್ಲಿ ಶಾಲಾ ಟೀಚರ್. ಒಂದು ವಿಷಯ ಹೇಳಿದ ಮೇಲೆ ಯಾಕೆ ಅಂತ ಹೇಳದೆ ಬಿಡಲು ನನಗೂ ಆಗೋದಿಲ್ಲ. ಅವಳ ಹಾಗೆ ಮೊದಲ ಕ್ಯಾಮೆರಾ ಕೈಯಲ್ಲಿ ಹಿಡಿದು ಕೂತಿರುವ ಹುಡುಗ ಹುಡುಗಿಯರು ನಮ್ಮ ಕಡೆ ಜಾಸ್ತಿ ಇದ್ದಾರೆ. ಅವರಿಗೂ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಅನ್ನುವ ಕಾಲದಲ್ಲಿ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಯಾಕೆ ಅಂತ ಅವಳ ಗೆಳೆಯರು ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಹೊಸ ಮಿರರ್‌ಲೆಸ್ ಸಾಲು ಶುರು ಮಾಡಿದವು. ಆಮೇಲೆ ಅವರ ಗಮನವೆಲ್ಲ ಆ ಕಡೆಗೇ ಹೋಯಿತು. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರು ಒಬ್ಬೊಬ್ಬರಾಗಿ ಬದಲಾಯಿಸಿಕೊಂಡರು. ಅವರ ಹಳೇ ಡಿಎಸ್‌ಎಲ್‌ಆರ್‌ಗಳು, ಲೆನ್ಸ್‌ಗಳು ಈಗ ಮಾರಾಟಕ್ಕೆ ಬರುತ್ತಿವೆ. ಕ್ಯಾನನ್‌ನ ಇಎಫ್ ಮೌಂಟ್ (ಲೆನ್ಸ್ ಕೂರಿಸುವ ಜೋಡಣೆ) 1987ರಿಂದ ಇದೆ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ. ಇಷ್ಟು ವರ್ಷ ತಯಾರಾದ ಲೆನ್ಸ್‌ಗಳು ಎಲ್ಲಿಗೂ ಹೋಗಿಲ್ಲ. ವಿದ್ಯಾರ್ಥಿ ದುಡ್ಡಿನಲ್ಲಿ ಕಲಿಯಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಕ್ಯಾನನ್ ಮಿರರ್‌ಲೆಸ್ ತಗೊಂಡರೂ ಅಡಾಪ್ಟರ್ ಹಾಕಿ ಇದೇ ಲೆನ್ಸ್ ಬಳಸಬಹುದು.

ನಿಕಾನ್ ಕಡೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಡಿ3500, ಡಿ5600 ಥರದ ಸಣ್ಣ ಬಾಡಿಗಳಲ್ಲಿ ಫೋಕಸ್ ಮೋಟರ್ ಇರೋದಿಲ್ಲ. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದ್ದರೆ ಆಟೋಫೋಕಸ್ ಆಗುತ್ತದೆ. ಹಳೇ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಈ ಬಾಡಿಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಕ್ಯಾಮೆರಾ ತಗೊಳ್ಳುವ ಮುಂಚೆ, ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ಅಣ್ಣ ಹೆದರಿದ್ದ. "ನೀನೇ ಬಂದು ನೋಡಮ್ಮ" ಅಂತ ನನ್ನನ್ನೇ ದಾವಣಗೆರೆಗೆ ಕರೆಸಿದ. ನೋಡುವುದು ಕಷ್ಟದ ಕೆಲಸ ಅಲ್ಲ. ಲೆನ್ಸ್ ಬಿಚ್ಚಿ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಬೇಕು. ಒಳಗೆ ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯ ಎಳೆ ಥರ ಹಬ್ಬಿದ್ದರೆ ಅದು ಫಂಗಸ್, ಬೇಡ ಅನ್ನಿ. ಆಮೇಲೆ ಅಪರ್ಚರ್ (ಲೆನ್ಸಿನ ಬಾಯಿ; ಎಫ್ ಅಂಕಿ ದೊಡ್ಡದಾದಷ್ಟು ಬಾಯಿ ಸಣ್ಣದು) ಎಫ್/22ಕ್ಕೆ ಇಟ್ಟು, ಫೋಕಸ್ ಬೇಕಂತಲೇ ಕೆಡಿಸಿ, ಬಿಳಿ ಗೋಡೆಯದೋ ಆಕಾಶದ್ದೋ ಒಂದು ಫೋಟೋ ತೆಗೀರಿ. ಸ್ಕ್ರೀನ್ ಮೇಲೆ ದೊಡ್ಡದು ಮಾಡಿದಾಗ ಕಪ್ಪು ಚುಕ್ಕೆ ಕಂಡರೆ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ ಧೂಳಿದೆ ಅಂತ ಅರ್ಥ. ಅದು ಕ್ಲೀನ್ ಆಗುವ ವಿಷಯ, ಅದಕ್ಕಾಗಿ ಕ್ಯಾಮೆರಾ ಬಿಡಬೇಕಾಗಿಲ್ಲ, ಬೆಲೆ ಮಾತಾಡಲು ಮಾತ್ರ ಬಳಸಿ. ಲೆನ್ಸ್ ಕೂರುವ ಜಾಗದ ಚಿನ್ನದ ಬಣ್ಣದ ಪಿನ್‌ಗಳು, ಬ್ಯಾಟರಿ ಬಾಗಿಲಿನ ಲಾಕು, ಕಾರ್ಡ್ ಸ್ಲಾಟು, ಮೇಲಿನ ಡಯಲ್, ಎಲ್ಲಾ ತಿರುಗಿಸಿ ಒತ್ತಿ ನೋಡಿ. ಅರ್ಧ ಗಂಟೆ ಹಿಡಿಯಬಹುದು. ಮಾರುವವರು ಸಿಡಿಮಿಡಿ ಮಾಡಿದರೆ ಎದ್ದು ಬನ್ನಿ.

ನಾವು ನೋಡಿದ ಕ್ಯಾಮೆರಾ ಯಾರದೋ ಮನೆ ಬೀರುವಿನಲ್ಲಿ ಸುಮ್ನೆ ಕೂತಿದ್ದದ್ದು. ಲೆನ್ಸ್ ಚೊಕ್ಕವಾಗಿತ್ತು. ಅದಕ್ಕೆ ನಮ್ಮ ಬಯಲುಸೀಮೆ ಒಣ ಹವೆಯೂ ಕಾರಣ. ಮಲೆನಾಡಿನಲ್ಲಿ ಹೀಗೆ ಬೀರುವಿನಲ್ಲಿ ಇಟ್ಟಿದ್ದರೆ ಎರಡು ಮಳೆಗಾಲಕ್ಕೆ ಫಂಗಸ್ ಹಿಡಿದಿದ್ದರೂ ಆಶ್ಚರ್ಯ ಇಲ್ಲ. ಹಾಗಂತ ನಾವು ನಿಶ್ಚಿಂತೆಯಿಂದ ಇರಬಾರದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಅದರೊಳಗೆ ಕ್ಯಾಮೆರಾ. ಚರ್ಮದ ಕೇಸಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ.

ಫಂಗಸ್‌ಗಿಂತ ನಮಗೆ ಕಾಡುವುದು ಧೂಳು, ಗಾಳಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆ ಗಾಳಿ ನಮ್ಮ ಲೆನ್ಸಿಗೂ ಬೀಸುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲು ಬ್ಲೋವರ್. ರಬ್ಬರಿನ ಉಂಡೆ, ಮುಂದೆ ಒಂದು ಕೊಳವೆ, ಅಷ್ಟೇ ಅದು. ಲೆನ್ಸ್ ಮೇಲೆ ಧೂಳು ಕಂಡರೆ ಮೊದಲು ಅದರಿಂದ ಊದಬೇಕು. ಒರೆಸುವುದು ಆಮೇಲೆ, ಅದೂ ಮೈಕ್ರೋಫೈಬರ್ ಬಟ್ಟೆಯಿಂದ. ನಮ್ಮ ಕಡೆ ಧೂಳಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಊದದೆ ದುಪಟ್ಟಾ ತುದಿಯಿಂದ ಒರೆಸಿದರೆ ಆ ಪುಡಿಯನ್ನೇ ಗಾಜಿನ ಮೇಲೆ ಉಜ್ಜಿದ ಹಾಗೆ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ. ಸೆನ್ಸರ್ ಮೇಲೆ ಧೂಳು ಕೂತರೆ ಮೆನುವಿನಲ್ಲಿ ಮ್ಯಾನುವಲ್ ಕ್ಲೀನಿಂಗ್ ಅಂತ ಇರುತ್ತದೆ. ಅದು ಒತ್ತಿದರೆ ಕನ್ನಡಿ ಮೇಲೇಳುತ್ತದೆ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ಕೊಳವೆ ಒಳಗೆ ತೂರಿಸದೆ, ದೂರದಿಂದ ನಾಲ್ಕು ಸಲ ಊದಿ. ಬ್ಯಾಟರಿ ತುಂಬಾ ಇದ್ದಾಗ ಮಾತ್ರ ಈ ಕೆಲಸ ಮಾಡಿ. ಮಧ್ಯದಲ್ಲಿ ಚಾರ್ಜ್ ಮುಗಿದರೆ ಕನ್ನಡಿ ಕೆಳಗೆ ಬಂದುಬಿಡುತ್ತದೆ. ಇದಕ್ಕೂ ಹೋಗದ ಧೂಳಿದ್ದರೆ ಸರ್ವಿಸ್‌ನವರಿಗೆ ಕೊಡಿ, ಬೆರಳು ಬಟ್ಟೆ ಯಾವುದೂ ಒಳಗೆ ಹಾಕಬೇಡಿ.

ಮುಂದಿನ ಭಾನುವಾರ ಪುಟ್ಟಿ ದುರ್ಗಕ್ಕೆ ಬಂದಳು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕೋಟೆಗೆ ಹೋದೆವು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅವಳ ಮುಖ ಸಪ್ಪಗಾಯಿತು.

"ಅತ್ತೆ, ಕ್ಯಾಮೆರಾದಲ್ಲೇ ಏನೋ ತೊಂದರೆ ಇದೆ. ಒಳಗೆ ನೋಡಿದರೆ ಎಲ್ಲಾ ಮಸುಕು. ಆದ್ರೆ ಸ್ಕ್ರೀನಲ್ಲಿ ಫೋಟೋ ಸರಿ ಇದೆ."

ಅವಳು ಕನ್ನಡಕ ತೆಗೆದು ನೋಡುತ್ತಿದ್ದಳು. ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕ ಬಲಗಡೆ ಒಂದು ಪುಟಾಣಿ ಚಕ್ರ ಇರುತ್ತದೆ, ಉಗುರಿನಿಂದ ತಿರುಗಿಸುವಷ್ಟು ಸಣ್ಣದು. ಡಯಾಪ್ಟರ್ ಅಂತಾರೆ. ನಮ್ಮ ಕಣ್ಣಿನ ಪವರಿಗೆ ತಕ್ಕ ಹಾಗೆ ಕಿಂಡಿಯನ್ನು ಹೊಂದಿಸುವ ಚಕ್ರ ಅದು. "ಕಲ್ಲು ಕಡೆ ನೋಡಬೇಡ, ಕಿಂಡಿಯೊಳಗೆ ಕಾಣುವ ಫೋಕಸ್ ಚುಕ್ಕೆಗಳನ್ನ ನೋಡು. ಅವು ಚೂಪಾಗಿ ಕಾಣುವ ತನಕ ತಿರುಗಿಸು" ಅಂದೆ. ಎರಡು ಮೂರು ಕಟಕಟ ಆಗುತ್ತಲೇ, "ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದೆ!" ಅಂತ ಕೂಗಿದಳು. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಹೊಸ ಕ್ಯಾಮೆರಾ ಹಿಡಿದವರು ಯಾರೇ ಇರಲಿ, ಮೊದಲು ಈ ಚಕ್ರ ಸರಿ ಮಾಡಿಕೊಳ್ಳಿ.

ಬೆಳಕಿನ ಪಾಠಕ್ಕೆ ಒನಕೆ ಓಬವ್ವನ ಕಿಂಡಿಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಎರಡು ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿ ಹೋಗುವಷ್ಟು ಸಂದಿ. ಒಳಗೆ ಕತ್ತಲು, ಆಚೆ ಕಡೆ ಕಣ್ಣು ಕುಕ್ಕುವ ಬಿಸಿಲು. ನಮ್ಮ ಕಣ್ಣಿಗೆ ಎರಡೂ ಒಟ್ಟಿಗೆ ಕಾಣುತ್ತದೆ. ಕ್ಯಾಮೆರಾಗೆ ಒಂದನ್ನ ಉಳಿಸಿದರೆ ಇನ್ನೊಂದು ಹೋಗುತ್ತದೆ. ಪುಟ್ಟಿ ಆಟೋದಲ್ಲಿ ತೆಗೆದಾಗ ಆಚೆಯ ಬಿಸಿಲು ಪೂರ್ತಿ ಬಿಳಿ ಆಗಿಹೋಯಿತು. ಮೇಲಿನ ಡಯಲನ್ನು ಎವಿಗೆ (ಅಪರ್ಚರ್ ನಾವು ಇಟ್ಟರೆ ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುವ ಮೋಡ್) ಹಾಕಿ, ಎಫ್/8 ಇಟ್ಟು, ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ನಾವು ಏರಿಸಿ ಇಳಿಸುವ ಅಂಕಿ) ಅನ್ನು ಮೈನಸ್ ಒಂದೂವರೆಗೆ ಇಳಿಸಿಕೊಟ್ಟೆ. ಈ ಸಲ ಆಚೆಯ ಬಂಡೆಯ ಬಣ್ಣ ಬಂತು, ಒಳಗಿನ ಗೋಡೆ ಕಪ್ಪಾಯಿತು, ಆ ಕಪ್ಪಿನ ಅಂಚಿನಲ್ಲಿ ಮಾತ್ರ ಕಲ್ಲಿನ ಒರಟು ಎದ್ದು ಕಾಣುತ್ತಿತ್ತು. ಕಿಂಡಿಯ ಇಕ್ಕಟ್ಟು ಫೋಟೋದಲ್ಲಿ ಗೊತ್ತಾದದ್ದು ಆಗಲೇ. ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದಿದ್ದರಿಂದ ಕತ್ತಲಲ್ಲಿದ್ದ ಗೋಡೆಯನ್ನು ಆಮೇಲೆ ಕಂಪ್ಯೂಟರಲ್ಲಿ ಸ್ವಲ್ಪ ಎತ್ತಲು ಆಯಿತು. ಪೂರ್ತಿ ಬಿಳಿ ಆಗಿಹೋದದ್ದು ಮಾತ್ರ ಏನು ಮಾಡಿದರೂ ವಾಪಸ್ ಬರೋದಿಲ್ಲ. ಕ್ಯಾನನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್ ಅನ್ನುವ, ಫೋಟೋ ತಿದ್ದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಡಾರ್ಕ್‌ಟೇಬಲ್ ಕೂಡ ಪುಕ್ಕಟೆ. ಶುರುವಿಗೆ ಇವೇ ಧಾರಾಳ.

ಅಲ್ಲಿ ಅವಳು ಎಲ್ಲಾ ಫೋಟೋ ತೆಗೆದದ್ದು 18 ಎಂಎಂನಲ್ಲಿ, ಅಂದರೆ ಈ ಲೆನ್ಸ್ ಹಿಡಿಯುವ ಅತಿ ಅಗಲದ ನೋಟದಲ್ಲಿ. ಈ ಕ್ಯಾಮೆರಾಗಳ ಸೆನ್ಸರ್ ಸಣ್ಣದು. ಕ್ಯಾನನ್‌ನಲ್ಲಿ ಲೆನ್ಸಿನ ಅಂಕಿಯನ್ನು 1.6ರಿಂದ, ನಿಕಾನ್‌ನಲ್ಲಿ 1.5ರಿಂದ ಗುಣಿಸಿದರೆ ಹಳೇ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ಎಷ್ಟು ಅಂತ ಗೊತ್ತಾಗುತ್ತದೆ. 18 ಅಂದರೆ ಸುಮಾರು 29. ಏಳು ಸುತ್ತಿನ ಕೋಟೆಯ ಗೋಡೆ, ಬುರುಜು, ಬಂಡೆ, ಗುಡಿ ಎಲ್ಲಕ್ಕೂ ಅದು ಸಾಕಾಗುತ್ತದೆ. ವೈಡ್ ಕನ್ವರ್ಟರ್ ಅಂತ ಲೆನ್ಸ್ ಮುಂದೆ ತಿರುಗಿಸಿ ಹಾಕುವ ಅಗ್ಗದ ಗಾಜು ಯಾಕೆ ಬೇಡ ಅಂದೆ ಅಂದರೆ, ಅದು ಫೋಟೋದ ಮೂಲೆಗಳನ್ನೆಲ್ಲ ಕಲಸಿಬಿಡುತ್ತದೆ. ಒಳ್ಳೆ ಲೆನ್ಸ್ ಮುಂದೆ ಕೆಟ್ಟ ಗಾಜು ಇಟ್ಟರೆ ಬರುವುದು ಕೆಟ್ಟ ಫೋಟೋವೇ.

ಇದೇ ಕಾರಣಕ್ಕೆ ಲೆನ್ಸ್ ಕಾಪಾಡಲು ಅಂತ ಹಾಕುವ ಯುವಿ ಫಿಲ್ಟರ್ ಗಾಜಿಗಿಂತ, ಲೆನ್ಸ್ ಮುಂದೆ ಕೊಳವೆಯ ಹಾಗೆ ಕೂರುವ ಹುಡ್ ಒಳ್ಳೆಯದು ಅಂತೀನಿ. ಕ್ಯಾಮೆರಾ ಜೊತೆಗೇ ಬರುವ ಈ ಕಿಟ್ ಲೆನ್ಸ್ ಜೊತೆ ಹುಡ್ ಬರೋದಿಲ್ಲ, ಬೇರೆ ತಗೋಬೇಕು. ಪಕ್ಕದಿಂದ ಬೀಳುವ ಬಿಸಿಲನ್ನು ತಡೆಯುತ್ತದೆ, ಬಂಡೆಗೆ ತಾಗಿದರೆ ಮೊದಲ ಪೆಟ್ಟು ತಾನೇ ತಿನ್ನುತ್ತದೆ.

ಒಂದು ಫಿಲ್ಟರ್ ಮಾತ್ರ ನಾನು ಬಿಟ್ಟುಕೊಡೋದಿಲ್ಲ. ಪೋಲರೈಜರ್. ಕಲ್ಲಿನ ಊರಿನವರಿಗೆ ಇದು ಬೇಕೇ ಬೇಕು. ಮಳೆ ಬಂದು ಹೋದ ಮೇಲೆ ಒದ್ದೆ ಬಂಡೆ ಬೆಳ್ಳಗೆ ಹೊಳೆಯುತ್ತದಲ್ಲ, ಆ ಹೊಳಪನ್ನು ಇದು ಕಡಿಮೆ ಮಾಡುತ್ತದೆ, ಕಲ್ಲಿನ ನಿಜವಾದ ಬಣ್ಣ ಆಚೆ ಬರುತ್ತದೆ. ಕೋಟೆಯ ಉಯ್ಯಾಲೆ ಕಂಬದ ಹಿಂದಿನ ನೀಲಿ ಆಕಾಶ ಗಾಢವಾಗುತ್ತದೆ. ಸೂರ್ಯ ನಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಇದರ ಕೆಲಸ ಜಾಸ್ತಿ. ಬೆನ್ನಿಗೋ ಎದುರಿಗೋ ಇದ್ದರೆ ಏನೂ ಗೊತ್ತಾಗೋದಿಲ್ಲ. ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಬೆಳಕನ್ನೂ ತಿನ್ನುತ್ತದೆ, ಹಾಗಾಗಿ ಕತ್ತಲ ಗುಡಿಯೊಳಗೆ ಹೋಗುವಾಗ ತೆಗೆದಿಡಿ. ತಗೊಳ್ಳುವ ಮುಂಚೆ ಲೆನ್ಸ್ ಮುಂಭಾಗದಲ್ಲಿ ಅಡ್ಡಗೀಟು ಹಾಕಿದ ಸೊನ್ನೆಯ ಪಕ್ಕ ಬರೆದಿರುವ ಅಂಕಿ ನೋಡಿ. ಪುಟ್ಟಿಯ ಲೆನ್ಸಿಗೆ 58.

ಅವಳ ಲೆನ್ಸ್ 18-55 ಐಎಸ್ 2. ಇದರಲ್ಲಿ ಫೋಕಸ್ ಆಗುವಾಗ ಲೆನ್ಸಿನ ಮೂತಿಯೇ ತಿರುಗುತ್ತದೆ. ಅದರ ಜೊತೆ ಪೋಲರೈಜರ್ ಕೂಡ ತಿರುಗಿ, ನಾವು ಹೊಂದಿಸಿದ್ದು ಕೆಡುತ್ತದೆ. ಅದಕ್ಕೆ ಮೊದಲು ಫೋಕಸ್ ಮಾಡಿ, ಲೆನ್ಸಿನ ಪಕ್ಕದ ಗುಂಡಿಯನ್ನು ಎಂಎಫ್‌ಗೆ (ಕೈಯಿಂದ ಫೋಕಸ್) ತಳ್ಳಿ, ಆಮೇಲೆ ಫಿಲ್ಟರ್ ತಿರುಗಿಸಬೇಕು. ಎಸ್‌ಟಿಎಂ ಅಂತ ಬರೆದಿರುವ 18-55 ಇದ್ದವರಿಗೆ ಈ ತೊಂದರೆ ಇಲ್ಲ, ಮೂತಿ ತಿರುಗೋದಿಲ್ಲ.

ಟ್ರೈಪಾಡ್ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದೆ ಇರಬಹುದು. ಕಾಲು ತೆಳ್ಳಗಿರುವ ಅಗ್ಗದ ಟ್ರೈಪಾಡ್ ದುರ್ಗದ ಗಾಳಿಗೆ ನಿಲ್ಲೋದಿಲ್ಲ. ಕೋಟೆಯೊಳಗೆ ಟ್ರೈಪಾಡ್ ಹಾಕಬೇಕಾದರೆ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ನನ್ನ ಹತ್ತಿರ ಒಂದು ಚೀಲ ಇದೆ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು, ಒಳಗೆ ಹುರುಳಿಕಾಳು ತುಂಬಿದ್ದೇನೆ. ಬಂಡೆ ಮೇಲೆ, ಗೋಡೆ ಮೇಲೆ ಇಟ್ಟು, ಕ್ಯಾಮೆರಾವನ್ನು ಅದರಲ್ಲಿ ಒತ್ತಿ ಕೂರಿಸಿದರೆ ಅಲ್ಲಾಡೋದಿಲ್ಲ. ಎರಡು ಸೆಕೆಂಡ್ ಟೈಮರ್ ಹಾಕಿ ಕೈ ತೆಗೆದರೆ ಮುಗಿಯಿತು. ಬಂಡೆಗೆ ನಮ್ಮಲ್ಲಿ ಬರವೇ?

ಬ್ಯಾಟರಿ, ಕಾರ್ಡು ಬೇಗ ಹೇಳಿ ಮುಗಿಸುತ್ತೇನೆ. ವ್ಯೂಫೈಂಡರಿನಲ್ಲಿ ನೋಡಿ ತೆಗೆದರೆ ಈ ಕ್ಯಾಮೆರಾ ಒಂದು ಚಾರ್ಜಿಗೆ ಸುಮಾರು 500 ಫೋಟೋ ಕೊಡುತ್ತದೆ ಅಂತ ಕಂಪನಿ ಲೆಕ್ಕ. ಸ್ಕ್ರೀನ್ ನೋಡಿಕೊಂಡು ತೆಗೆದರೆ ಅರ್ಧಕ್ಕೆ ಇಳಿಯುತ್ತದೆ. ಹಳೇ ಬ್ಯಾಟರಿ ಇನ್ನೂ ಕಡಿಮೆ. ಕಾರ್ಡು 128 ಜಿಬಿಯದ್ದು ಒಂದರ ಬದಲು 32 ಜಿಬಿಯ ಎರಡು ಇರಲಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ದಾವಣಗೆರೆಯಲ್ಲೇ ಕಲಿಯಲು ಬೇಕಾದಷ್ಟು ಇದೆ. ಪುಟ್ಟಿಯನ್ನು ಮಂಡಕ್ಕಿ ಭಟ್ಟಿ ಕಡೆ ಕರೆದುಕೊಂಡು ಹೋಗಿದ್ದೆ. ಮುಂಚೆ ಹೇಳಿ, ಒಪ್ಪಿಗೆ ಕೇಳಿಯೇ ಹೋದದ್ದು. ಒಳಗೆ ಗೋಡೆಯೆಲ್ಲ ಮಸಿ, ನೆಲದ ಮೇಲೆ ಬೆಳ್ಳನೆ ಮಂಡಕ್ಕಿ ರಾಶಿ. ರಾಶಿಯ ಹತ್ತಿರ ಹೋಗಿ ತೆಗೆದ ಫೋಟೋದಲ್ಲಿ ಮಂಡಕ್ಕಿ ಬೂದಿ ಬಣ್ಣಕ್ಕೆ ಬಂತು. ಕ್ಯಾಮೆರಾ ಕಂಡದ್ದನ್ನೆಲ್ಲ ನಡುಮಟ್ಟದ ಬೂದು ಅಂತಲೇ ಅಳೆಯುತ್ತದೆ. ಬಿಳಿ ಜಾಸ್ತಿ ಇದ್ದರೆ ತಾನಾಗಿ ಬೆಳಕು ಇಳಿಸುತ್ತದೆ, ಮಸಿ ಗೋಡೆ ಜಾಸ್ತಿ ಇದ್ದರೆ ಏರಿಸುತ್ತದೆ. ಪ್ಲಸ್ ಒಂದು ಕೊಟ್ಟ ಮೇಲೆ ಮಂಡಕ್ಕಿ ಮಂಡಕ್ಕಿಯ ಹಾಗೆ ಬಂತು. ಓಬವ್ವನ ಕಿಂಡಿಯಲ್ಲಿ ಮೈನಸ್, ಇಲ್ಲಿ ಪ್ಲಸ್. ಎವಿ ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಆಗುವ ಕೆಲಸ. ಇದೊಂದು ಕೈಗೆ ಹತ್ತಿದರೆ ಆಟೋ ತಾನಾಗೇ ಬಿಟ್ಟುಹೋಗುತ್ತದೆ. ಹೊಗೆ, ಹೊಟ್ಟು, ಧೂಳು ಹಾರುವ ಅಂಥ ಜಾಗದಲ್ಲಿ ಲೆನ್ಸ್ ಮಾತ್ರ ಬಿಚ್ಚಬೇಡಿ. ಬೇರೆ ಕಡೆ ಬದಲಾಯಿಸುವಾಗಲೂ ಸ್ವಿಚ್ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಕ್ಯಾಮೆರಾ ಬಾಯಿ ಕೆಳಗೆ ಮಾಡಿಯೇ ಬದಲಾಯಿಸಿ.

ಕುಂದವಾಡ ಕೆರೆಯ ಹಕ್ಕಿಗಳಿಗೆ 55 ಸಾಕಾಗಲಿಲ್ಲ, ಅದು ಸಹಜ. ನನ್ನ 55-250 ಲೆನ್ಸ್ ಕೊಟ್ಟೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು ಚೆನ್ನಾಗಿ ಸಿಕ್ಕಿತು. ಕೂತ ಹಕ್ಕಿಗೆ 250 ಎಂಎಂನಲ್ಲಿ ಶಟರ್ ವೇಗ 1/400 ಸೆಕೆಂಡಿಗಿಂತ ಕೆಳಗೆ ಇಳಿಯದಂತೆ, ಹಾರುವ ಹಕ್ಕಿಗೆ 1/1000ಕ್ಕಿಂತ ಮೇಲೆ ನೋಡಿಕೊಳ್ಳಬೇಕು. ಅದಕ್ಕಾಗಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 800 ಆದರೂ ಆಗಲಿ, ಹೆದರಬೇಡಿ. ಸ್ವಲ್ಪ ಕಾಳುಕಾಳಾದ ಹಕ್ಕಿ, ಅಲ್ಲಾಡಿದ ಹಕ್ಕಿಗಿಂತ ಎಷ್ಟೋ ವಾಸಿ.

ಈಗ ಲೆನ್ಸ್ ಮಾತು. ಎರಡನೇ ಲೆನ್ಸ್ ಯಾವುದು ಅಂತ ಯೂಟ್ಯೂಬ್ ಕೇಳುವ ಬದಲು ನಿಮ್ಮ ಫೋಟೋಗಳನ್ನೇ ಕೇಳಿ. ಪ್ರತಿ ಫೈಲಿನ ಪ್ರಾಪರ್ಟೀಸ್‌ನಲ್ಲಿ ಎಷ್ಟು ಎಂಎಂನಲ್ಲಿ ತೆಗೆದಿದ್ದು ಅಂತ ಇರುತ್ತದೆ. ಪುಟ್ಟಿ ಅವಳಿಗೆ ಇಷ್ಟವಾದ ಫೋಟೋಗಳನ್ನು ಬೇರೆ ತೆಗೆದು ನೋಡಿದಳು. ಕೋಟೆ ಬಿಟ್ಟರೆ ಹೆಚ್ಚಿನವು 22ರಿಂದ 28ರ ಒಳಗೆ ಇದ್ದವು, ಅದೂ ಮನೆಯೊಳಗಿನವು. ಅಡುಗೆಮನೆಯಲ್ಲಿ ಅವಳ ಅಜ್ಜಿ, ಅಂದರೆ ನಮ್ಮ ಅಮ್ಮ, ರೊಟ್ಟಿ ತಟ್ಟುವುದು. ಕಿಟಕಿಯ ಬೆಳಕು ಒಂದು ಕೆನ್ನೆಗೆ, ಒಲೆಯ ಬೆಳಕು ಇನ್ನೊಂದಕ್ಕೆ. ಫ್ರೇಮ್ ಚೆನ್ನಾಗಿದೆ, ಕೈ ಮಾತ್ರ ಅಲ್ಲಾಡಿದೆ. ರೊಟ್ಟಿ ತಟ್ಟುವ ಕೈ ನಿಲ್ಲೋದಿಲ್ಲವಲ್ಲ. ಲೆನ್ಸಿನಲ್ಲಿರುವ ಐಎಸ್ ನಮ್ಮ ಕೈ ನಡುಕ ತಡೆಯುತ್ತದೆ, ಎದುರಿನವರ ಕೈಯನ್ನು ಹಿಡಿದು ನಿಲ್ಲಿಸೋದಿಲ್ಲ. ಅದಕ್ಕೆ ಶಟರ್ ಬೇಗ ಆಗಬೇಕು, ಶಟರ್ ಬೇಗ ಆಗಲು ಲೆನ್ಸ್ ಬಾಯಿ ದೊಡ್ಡದಿರಬೇಕು.

50 ಎಂಎಂ ಎಫ್/1.8 ಬಗ್ಗೆ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಕಿಟ್ ಲೆನ್ಸ್ 55ರಲ್ಲಿ ಎಫ್/5.6. ಅದಕ್ಕಿಂತ ಎಫ್/1.8 ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/10 ಸೆಕೆಂಡ್ ಬೇಕಾದ ಕಡೆ 1/100 ಸಾಕು. ಮುಖದ ಫೋಟೋಗೆ ಅದಕ್ಕೆ ಸಮ ಇಲ್ಲ. ಆದರೆ ಈ ಕ್ಯಾಮೆರಾದಲ್ಲಿ 50 ಅಂದರೆ 80ರ ಹಾಗೆ. ಅಣ್ಣನ ಅಡುಗೆಮನೆಯಲ್ಲಿ ನನ್ನ 50 ಹಾಕಿ ನೋಡಿದಳು. ಬೆನ್ನು ಫ್ರಿಡ್ಜಿಗೆ ತಾಗುವ ತನಕ ಹಿಂದೆ ಸರಿದರೂ ಅಜ್ಜಿಯ ಮುಖ, ಕೈ, ಹೆಂಚು ಮೂರೂ ಒಟ್ಟಿಗೆ ಸಿಗಲಿಲ್ಲ. ಕ್ಯಾನನ್‌ನಲ್ಲಿ 24 ಎಂಎಂ ಎಫ್/2.8 ಅಂತ ಬಿಸ್ಕತ್ತಿನಷ್ಟು ತೆಳ್ಳಗಿನ ಲೆನ್ಸ್ ಇದೆ. ಬೆಳಕು 1.8ರಷ್ಟು ಬರೋದಿಲ್ಲ, ಜಾಗ ಮಾತ್ರ ಸರಿಯಾಗಿ ಸಿಗುತ್ತದೆ. ಅವಳು ಅದನ್ನೇ ಆರಿಸಿಕೊಂಡಳು, ಅದೂ ಸೆಕೆಂಡ್ ಹ್ಯಾಂಡ್. ನಿಕಾನ್ ಇದ್ದವರಿಗೆ 35 ಎಂಎಂ ಎಫ್/1.8 ಡಿಎಕ್ಸ್ ಇದೆ, 24ರಷ್ಟು ಅಗಲ ಇಲ್ಲದಿದ್ದರೂ ಮನೆಯೊಳಗೆ 50ಕ್ಕಿಂತ ಅದು ವಾಸಿ. ನಿಮ್ಮ ಫೋಟೋಗಳು 55ರಲ್ಲೇ ಮುಗಿಬಿದ್ದಿದ್ದರೆ 50 ತಗೊಳ್ಳಿ. 55 ಸಾಲದೆ ಕೆರೆ ದಂಡೆಯಲ್ಲಿ ಒದ್ದಾಡಿದ್ದರೆ 55-250 ತಗೊಳ್ಳಿ. ಮೂರೂ ಒಟ್ಟಿಗೆ ಬೇಡ.

24 ಬಂದ ಮೇಲೆ ಅಮ್ಮನ ಫೋಟೋ ಮತ್ತೆ ತೆಗೆದಳು. ಐಎಸ್‌ಒ 1600, ಎಫ್/2.8, 1/125. ಬೆರಳು ಚೂಪಾಗಿದೆ, ಹಿಟ್ಟು ಹಾರುವುದೂ ಕಾಣುತ್ತದೆ. ಈ ಫೋಟೋ ಫೋನಿನಲ್ಲಿ ಇದ್ದರೆ ಆಗಲಿಲ್ಲ, ಪ್ರಿಂಟ್ ಹಾಕಿಸಬೇಕು ಅಂತ ಹಟ ಮಾಡಿದ್ದು ನಾನು. ಪ್ರಿಂಟ್ ಹಾಕಿಸುವವರು ಅಳತೆ ನೋಡಿ. ಡಿಎಸ್‌ಎಲ್‌ಆರ್ ಫೋಟೋ 3:2 ಅಳತೆಯದ್ದು. 4×6, 8×12, 12×18 ಇಂಚು ಸರಿಯಾಗಿ ಕೂರುತ್ತದೆ. 5×7, 8×10 ಕೊಟ್ಟರೆ ಅಂಚು ಕತ್ತರಿಸಿ ಹೋಗುತ್ತದೆ. 24 ಮೆಗಾಪಿಕ್ಸೆಲ್ ಫೈಲು 12×18ಕ್ಕೆ ಧಾರಾಳ ಸಾಕು. ಲ್ಯಾಬಿನವರಿಗೆ ಫೈಲ್ ಕೊಡುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಫೈಲು ಕುಗ್ಗಿಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು, "ಕಲರ್ ಕರೆಕ್ಷನ್ ಮಾಡಬೇಡಿ ಅಣ್ಣಾ, ಇದ್ದ ಹಾಗೇ ಹಾಕಿ" ಅಂತ ಹೇಳಿ. ಇಲ್ಲದಿದ್ದರೆ ಒಲೆಯ ಕೆಂಪನ್ನು ಅವರು ತೆಗೆದುಬಿಡುತ್ತಾರೆ.